ನಿನ್ನ ಕಾರಿನ ಬಗ್ಗೆ ವಿಚಾರಿಸಿದೆ

ಭಾನು,

ನಮ್ಮ ಮನೆಯಲ್ಲೀಗ ಕಾರಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅರುಣ್‌ಗೆ ನಿನ್ನ ಹತ್ತಿರ ಇರುವಂಥದ್ದೇ ದುಬಾರಿ ಎಲೆಕ್ಟ್ರಿಕ್ ಕಾರು ಬೇಕಂತೆ. ಅದನ್ನು ನಂಬಬಹುದಾ ಎಂದು ಕೇಳಿದರೆ ಒಬ್ಬರೂ ನೆಟ್ಟಗೆ ಹೇಳುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಅರ್ಧ ಜನ ಹೊಗಳುತ್ತಾರೆ, ಅರ್ಧ ಜನ ಬೈಯುತ್ತಾರೆ.

ಇವತ್ತು ಹಾಸನದಿಂದ ಚನ್ನರಾಯಪಟ್ಟಣದವರೆಗೆ ನಾನೇ ಓಡಿಸಿ ನೋಡಿದೆ. ಶೋರೂಮಿನವನು ಹಿಂದೆ ಕೂತಿದ್ದ.

“ಊರಿಗೆ ಹೋಗುವಾಗ ಕೊಣನೂರಿನ ಹತ್ತಿರ ಕೆಟ್ಟು ನಿಂತರೆ ಯಾರಪ್ಪಾ ಬರ್ತಾರೆ?” ಎಂದೆ.

“ಸೀಟೇ ಬೆನ್ನು ಒತ್ತುತ್ತೆ ಮೇಡಂ!” ಅಂದ.

ಪಕ್ಕದಲ್ಲಿ ಅರುಣ್ ಕಣ್ಣು ಮುಚ್ಚಿ ಬೆನ್ನು ಒತ್ತಿಸಿಕೊಳ್ಳುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು.

ಚನ್ನರಾಯಪಟ್ಟಣದ ಚಾರ್ಜಿಂಗ್ ಜಾಗದಲ್ಲಿ ನಿನ್ನ ನೀಲಿ ಕಾರು ನಿಂತಿತ್ತು. ನೀನಿರಲಿಲ್ಲ, ಡ್ರೈವರ್ ಮಾತ್ರ ಇದ್ದ. ನಾವಿಬ್ಬರೂ ಮಾತು ಬಿಟ್ಟ ಮೇಲೆ ಬಂದವನಿರಬೇಕು, ನನ್ನ ಗುರುತು ಅವನಿಗಿಲ್ಲ. ಅವನನ್ನೇ ಕೇಳಿದೆ.

“ಒಂದ್ಸಲಾನೂ ಕೈ ಕೊಟ್ಟಿಲ್ಲ ಕಣಕ್ಕಾ,” ಅಂದ. “ಮೇಡಮ್ಮೋರ್ಗೆ ಆರ್ಟ್ ಆಪ್ರೇಸನ್ ಆಯ್ತಲ್ಲ, ಈಗ ಬೆಂಗ್ಳೂರ್ ಆಸ್ಪತ್ರೆಯಿಂದ ಕರ್ಕೊಂಡ್ ಬರಾಕೆ ಓಯ್ತಿವ್ನಿ.”

ಹಾಸನದಷ್ಟು ಚಿಕ್ಕ ಊರಿನಲ್ಲಿ ನನಗೆ ಯಾರೂ ಇದನ್ನು ಹೇಳಲಿಲ್ಲ, ಭಾನು. ಕಾರಿನ ಬಗ್ಗೆ ಮಾತ್ರ ಎಲ್ಲರೂ ಹೇಳಿದರು.

ಡ್ರೈವರ್ ಚಾರ್ಜರ್ ಬಿಚ್ಚಿ ಹೊರಟು ನಿಂತ.

“ಮೇಡಮ್ಮೋರ್ಗೆ ಯೇಳ್ತೀನಿ. ನಿಮ್ಮೆಸ್ರೇನಕ್ಕಾ?”

“ಯಾರೋ ಕಾರು ತಗೊಳ್ಳೋರು ಸಿಕ್ಕಿದ್ರು ಅನ್ನಪ್ಪ,” ಅಂದೆ.

ರಂಜಿನಿ