ಚೀಟಿಯ ಮೇಲಿನ ಹೆಸರು

ಫೆಬ್ರುವರಿ 12, 2024. ಸೋಮವಾರ

ಎರಡು ಬುಟ್ಟಿ ಹಿಟ್ಟು ನಾದಿದೆ. ಇಂದಿನಿಂದ ನಮ್ಮ ಖಾನಾವಳಿಯಲ್ಲಿ ಕೂಗುವುದು ಬಂದ್. ವೇಟರ್ ಮೊಬೈಲಿನಲ್ಲಿ ಆರ್ಡರ್ ಒತ್ತುತ್ತಾನೆ. ಒಲೆಯ ಪಕ್ಕದ ಮಷೀನಿನಿಂದ ಚೀಟಿ ಬರುತ್ತದೆ. ರೊಟ್ಟಿ ಆದಮೇಲೆ ನಾನು ಗಂಟೆ ಒತ್ತಬೇಕು. ಅಷ್ಟೇ.

ಚೀಟಿ ಇಂಗ್ಲಿಷಿನಲ್ಲಿರಲಿ ಅಂದ ಮಷೀನ್ ಕಂಪನಿಯವ. ವೇಟರ್ ಅಂದರೆ ನನ್ನ ಮಗ ಪಂಢರಿ. ಅವನು ಬಿಡಲಿಲ್ಲ. "ರೊಟ್ಟಿ ಬಡಿಯಾಕಿ ನಮ್ಮವ್ವ ಅದಾಳ್ರಿ. ಆಕಿಗಿ ಕನ್ನಡದಾಗ ಬರಬೇಕು."

ಮೊದಲ ಚೀಟಿ — ಟೇಬಲ್ ನಾಲ್ಕು. ಬಿಸಿ ರೊಟ್ಟಿ ಎರಡು. ವೇಟರ್ ಪಂಢರಿ.

ಚೀಟಿ ಬಂದರೂ ಬಾಗಿಲಿಗೆ ಬಂದು ಕೂಗಿದ. "ಅವ್ವಾ, ಎರಡು ಬಿಸಿ!"

ಮಾಲಕರು ದುಡ್ಡಿನ ಗಲ್ಲೆಯಿಂದಲೇ ಬೈದರು. "ಅಲ್ಲೋ, ಮಷೀನ್ ತಂದಿದ್ದು ಯಾಕ?"

"ಮಷೀನ್ ಅವ್ವಾ ಅನ್ನಂಗಿಲ್ರಿ, ಮಾಲಕ್ರ."

ಮಾರ್ಚ್ 3

ನಲ್ಲಿ ಒಣಗಿದೆ. ತೊಳೆಯಲು ನೀರಿಲ್ಲ, ಪೇಪರ್ ತಾಟು ತಂದಿದ್ದಾರೆ. ಬರಕ್ಕೆ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಹೊರಟವರೇ ಉಣ್ಣಲು ಬರುತ್ತಾರೆ. ಪಂಢರಿ ಟ್ಯಾಂಕರಿನವನನ್ನು ಹುಡುಕಿಕೊಂಡು ಬೈಕಿನ ಮೇಲೆ ಭಾಲ್ಕಿ ಕಡೆ ಹೋಗಿದ್ದಾನೆ. ಹಿಟ್ಟು ಮುಚ್ಚಿಟ್ಟು ಕೂತಿದ್ದೇನೆ.

ಏಪ್ರಿಲ್ 9

ಅವತ್ತೇ ಭಾಲ್ಕಿ ರಸ್ತೆಯಲ್ಲಿ ಲಾರಿ ಬಡಿಯಿತು. ಮಗ ಹೋದ. ಇಷ್ಟೇ ಬರೆಯಬಲ್ಲೆ.

ತಿಂಗಳ ಮೇಲೆ ಇವತ್ತು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಏನು ಮಾಡಲಿ... ಮಷೀನ್ ಕಿರ್ರ್ ಅಂತು. ಚೀಟಿ ಹರಿದುಕೊಂಡೆ. ವೇಟರ್ ಪಂಢರಿ.

ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು.

ಹೊಸ ವೇಟರ್ ಹಬೀಬ. ಔರಾದದವ, ಮಕ್ಕಳಿರುವವ. ಬಾವಿ ಬತ್ತಿ ಊರು ಬಿಟ್ಟು ಬಂದಿದ್ದಾನೆ. ಪಂಢರಿ ಒತ್ತುತ್ತಿದ್ದ ಮೊಬೈಲನ್ನೇ ಅವನಿಗೆ ಕೊಟ್ಟಿದ್ದಾರೆ. ಹೆಸರು ಬದಲಿಸಿಲ್ಲ.

"ತಪ್ಪಾತು, ಕೌಸಲ್ಯಾಬಾಯಿ. ಇವತ್ತ ತೆಗಿಸ್ತೇನಿ" ಅಂದರು ಮಾಲಕರು.

"ಇರ್ಲಿರಿ" ಅಂದೆ.

ಏಪ್ರಿಲ್ 20

ಒಂದು ಚೀಟಿ ಮನೆಗೆ ಒಯ್ಯೋಣ ಎಂದು ಒಲೆಯ ಮೇಲಿನ ಮೊಳೆಗೆ ಚುಚ್ಚಿಟ್ಟಿದ್ದೆ. ಕಾವಿಗೆ ಕಾಗದವೆಲ್ಲ ಕಪ್ಪಾಯಿತು. ಹೆಸರು ಹೋಯಿತು. ಹೋಗಲಿ. ಮತ್ತೊಂದು ಬರುತ್ತದಲ್ಲ.

ಮೇ 6

ಗಿರಾಕಿಯೊಬ್ಬ ಮಗುವಿಗೆ ಖಾರ ಇಲ್ಲದ ಬ್ಯಾಳಿ ಕೇಳಿದ್ದ. ಹಬೀಬ ಒತ್ತಿದ್ದು ಬೇರೆ. ಮಗು ಅತ್ತು ಅತ್ತು ಕೆಂಪಾಯಿತು. ಆ ಮನುಷ್ಯ ವೇಟರ್ ಹೆಸರಿದ್ದ ಬಿಲ್ ಹಿಡಿದು ಎದ್ದ.

"ಯಾಂವ ಇಂವ ಪಂಢರಿ? ಕರೀರಿ ಹೊರಗ! ಕಣ್ಣು ಸತ್ತಾವೇನು ಅವನವು?"

ಮಾಲಕರು ತಲೆ ಎತ್ತಲಿಲ್ಲ. ಹಬೀಬ ಮುಂದೆ ಹೋಗಿ ನಿಂತ.

"ನಾನೇ ಪಂಢರಿ ರಿ. ಮಾಫ್ ಮಾಡ್ರಿ."

ಸಾಕಷ್ಟು ಬೈಸಿಕೊಂಡ. ಪ್ರತಿ ಬೈಗುಳದಲ್ಲೂ ನನ್ನ ಮಗನ ಹೆಸರು. ಆಮೇಲೆ ಒಳಗೆ ಬಂದ, ಮುಖ ನೋಡಲಿಲ್ಲ. "ಅಕ್ಕಾ, ನಿಮ್ಮ ಹುಡುಗನ ಹೆಸರು ಕೆಡಿಸಿದೆ."

ಕೈ ಒರೆಸಿಕೊಂಡು ಗಲ್ಲೆಗೆ ಹೋದೆ. "ಹೆಸರು ತೆಗಿಸ್ರಿ, ಮಾಲಕ್ರ. ಹ್ವಾದವಗ ಬೈಗುಳ ಬ್ಯಾಡ. ಇದ್ದವಗ ಅವನ ಹೆಸರು ಕೊಡ್ರಿ."

ಮೇ 8

ಟೇಬಲ್ ಎರಡು. ಬಿಸಿ ರೊಟ್ಟಿ ಮೂರು. ವೇಟರ್ ಹಬೀಬ.

ಕನ್ನಡ ಮಾತ್ರ ಹಾಗೇ ಇದೆ. ಅದನ್ನು ಯಾರೂ ತೆಗೆದಿಲ್ಲ.

ರೊಟ್ಟಿ ಉಬ್ಬಿದವು. ಗಂಟೆ ಒತ್ತಬೇಕಿತ್ತು. ಕೈ ಹೋಗಲಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದೆ — "ಹಬೀಬಾ, ಮೂರು ಬಿಸಿ!"

ಮಾಲಕರು ಬೈಯಲಿಲ್ಲ.

"ಬಂದೆ, ಅಕ್ಕಾ!"

ಅಕ್ಕಾ ಅಂದದ್ದೇ ಒಳ್ಳೆಯದಾಯಿತು. ಅವ್ವಾ ಅಂದಿದ್ದರೆ ನಾನು —