ತೂತಿಲ್ಲದ ಗುಂಡಿಗಳು

ಮನೆ,
ಮಾರ್ಚ್ ೧೪, ಬೆಳಿಗ್ಗೆ ಹತ್ತೂಕಾಲು

ಮುದ್ದು ಪುಟ್ಟಿ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೆ? ಪ್ರಯೋಗಾಲಯದ ಆ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಇಲ್ಲದೆ ಕೂರುವುದನ್ನು ಬಿಟ್ಟಿದ್ದೀಯ ಎಂದು ನಂಬಿದ್ದೇನೆ. ನಿನ್ನ ಇಲಿಗಳೂ ಕ್ಷೇಮವಿರಬೇಕು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಮಂಡಿ ಗೊಣಗುತ್ತದೆ.

ನಿನ್ನ ಜನವರಿಯ ಕಾಗದ ಈ ಮನೆಯಲ್ಲಿ ಏನೇನು ಮಾಡಿಸಿತು ಎಂಬುದನ್ನು ನಿನಗೆ ವರದಿ ಮಾಡಬೇಕು. ನಾಲ್ಕು ಗುಂಪು ಇಲಿಗಳಲ್ಲಿ ಒಂದಕ್ಕೆ ಚಕ್ರದ ಮೇಲೆ ಓಟ, ಒಂದಕ್ಕೆ ಸೊಪ್ಪಿನ ಸಾರ, ಒಂದಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ ಎಂದು ಬರೆದಿದ್ದೆ. ಎರಡೂ ಸಿಕ್ಕ ಇಲಿಗಳ ಯಕೃತ್ತು ಅಷ್ಟಾಗಿ ಹಾಳಾಗಲಿಲ್ಲ, ಮನುಷ್ಯರಲ್ಲಿ ಹೇಗೋ ಇನ್ನೂ ಗೊತ್ತಿಲ್ಲ ಎಂದೂ ಬರೆದಿದ್ದೆ. ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು, ನನ್ನ ಕಣ್ಣು ‘ಇನ್ನೂ ಗೊತ್ತಿಲ್ಲ’ ಎಂಬಲ್ಲಿ ನಿಂತಿತು. ನಿನ್ನ ತಾತನ ಕಣ್ಣು ಅಲ್ಲಿಯವರೆಗೆ ಬರಲೇ ಇಲ್ಲ. ಮರುದಿನವೇ, ತಮ್ಮ ಹೊಲಿಗೆಯಂಗಡಿ ಮುಚ್ಚಿದಾಗ ಮನೆಗೆ ತಂದಿಟ್ಟುಕೊಂಡ ಆ ದೊಡ್ಡ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದರು. ನಡಿಗೆಗೆ ಎದುರಿನ ಕಟಿಂಗ್ ಶಾಪಿನವನು, ಕಷಾಯಕ್ಕೆ ಅವರ ತಂಗಿ, ಎರಡಕ್ಕೂ ತಾವೇ. “ನೀನು ಹೇಗಿದ್ರೂ ಏನೂ ಮಾಡೋಳಲ್ಲ, ನಾಲ್ಕನೇದಕ್ಕೆ ನೀನೇ” ಎಂದರು. ಅಡುಗೆ, ನೆಲ, ಬಟ್ಟೆ, ಅವರ ಕನ್ನಡಕ ಹುಡುಕುವುದು, ಎಲ್ಲವೂ ‘ಏನೂ ಇಲ್ಲ’ದ ಮನೆಗೆ ಸೇರುತ್ತವೆ ಎಂದು ಎಪ್ಪತ್ತರ ಹತ್ತಿರ ಬಂದ ಮೇಲೆ ನನಗೆ ತಿಳಿಯಿತು.

ಕಟಿಂಗ್ ಶಾಪಿನವನು ನಾಲ್ಕನೆಯ ದಿನಕ್ಕೆ ಕೈಕೊಟ್ಟ. “ದಿನವಿಡೀ ನಿಂತೇ ಇರ್ತೀನಲ್ಲ ಸಾರ್, ಅದನ್ನೇ ಹಾಕ್ಕೊಳ್ಳಿ” ಎಂದನಂತೆ. ನಾದಿನಿ ಕಷಾಯಕ್ಕೆ ಎರಡು ಚಮಚ ಸಕ್ಕರೆ ಸುರಿದು ಕುಡಿದು, “ತುಂಬಾ ಗುಣ ಇದೆ ಕಣೋ ಅಣ್ಣ” ಎಂದು ಸರ್ಟಿಫಿಕೇಟ್ ಕೊಟ್ಟಳು. ನಿನ್ನ ತಾತ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಶುಂಠಿ, ಅರಿಶಿನ, ಜೊತೆಗೆ ಹಿತ್ತಿಲ ಕುಂಡದಲ್ಲಿ ತಾನಾಗಿ ಹುಟ್ಟಿದ ಯಾವುದೋ ಸೊಪ್ಪು ಕುದಿಸಿ ಕುಡಿದು, ಆರು ಗಂಟೆಗೆ ರೈಲ್ವೆ ಗೇಟಿನವರೆಗೆ ನಡಿಗೆ. ದಾರಿಯಲ್ಲಿ ಬೇಕರಿಯ ಬೆಂಚಿದೆಯಲ್ಲ, ಅಲ್ಲಿ ಕೂತುಬಿಡುತ್ತಾರೇನೋ ಎಂದು ನಾನು ಮೂವತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ, ನಾನೂ ಹೇಳಲಿಲ್ಲ.

ಹೋದ ತಿಂಗಳು ಅವರ ಅಂಗಿಯ ತೋಳಿನದೊಂದು ಗುಂಡಿ ಕಿತ್ತುಬಂತು. ಬಿಳಿ ಗುಂಡಿಗಳ ಡಬ್ಬದಿಂದ ಒಂದನ್ನು ತೆಗೆದು ಸೂಜಿ ಹಿಡಿದರೆ, ಚುಚ್ಚಲು ತೂತೇ ಇಲ್ಲ. ಇನ್ನೊಂದು ತೆಗೆದೆ, ಅದಕ್ಕೂ ಇಲ್ಲ. ಪತ್ರಿಕೆ ಹಾಸಿ ಡಬ್ಬ ಸುರಿದೆ. ತೂತಿಲ್ಲದವು ಇಪ್ಪತ್ತಾರು, ಎಲ್ಲವೂ ಅವರು ದಿನಾ ನುಂಗಬೇಕಾದ ಬಿಪಿ ಮಾತ್ರೆಗಳು. ಕೇಳಿದ್ದಕ್ಕೆ, “ಪುಟ್ಟಿಯ ಇಲಿಗಳೇನು ಮಾತ್ರೆ ನುಂಗ್ತಿದ್ವಾ? ಅದೂ ಇದೂ ಸೇರಿದ್ರೆ ಯಾವುದರಿಂದ ಏನಾಯ್ತು ಅಂತ ಹೇಗೆ ಗೊತ್ತಾಗ್ಬೇಕು?” ಎಂದರು. ವಾದದಲ್ಲಿ ಹುರುಳಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಬಿಪಿ ನೂರ ಎಪ್ಪತ್ತೆರಡು ಇತ್ತು. ಹೀಗೇ ಬಿಟ್ಟರೆ ಮೂತ್ರಪಿಂಡ ಸದ್ದಿಲ್ಲದೆ ಕೆಡುತ್ತದೆ ಎಂದರು. ನಡಿಗೆ ಬಿಡಬೇಡಿ, ಶುಂಠಿ ಕುಡಿಯಿರಿ, ಹೆಸರು ಗೊತ್ತಿಲ್ಲದ ಸೊಪ್ಪು ಬೇಡವೇ ಬೇಡ ಎಂದೂ ಹೇಳಿದರು. “ಏಪ್ರಿಲ್ ಎರಡಕ್ಕೆ ಮತ್ತೆ ನೋಡ್ತೀನಿ. ಇಳೀದಿದ್ರೆ ಮೊಮ್ಮಗಳ ಪದವಿ ಪ್ರದಾನಕ್ಕೆ ಕಳಿಸಲ್ಲ, ನೋಡಿ” ಎಂದಾಗ ನಿನ್ನ ತಾತನ ಮುಖ ಬಾಡಿತು. ಆ ದಿನಕ್ಕೆಂದು ಕೋಟಿನ ಬಟ್ಟೆ ಆಗಲೇ ಕತ್ತರಿಸಿಟ್ಟಿದ್ದಾರೆ. ಇನ್ನು ತಪ್ಪದೆ ನುಂಗುತ್ತೇನೆ ಎಂದು ನಮ್ಮಿಬ್ಬರ ಎದುರು ಮಾತು ಕೊಟ್ಟರು. ನನ್ನ ರಕ್ತವನ್ನೂ ಪರೀಕ್ಷಿಸಿದ್ದರು, ಸಕ್ಕರೆ ಇಳಿದಿತ್ತು. “ನಾಲ್ಕನೇ ಗುಂಪು ಯಾಕೆ ಸುಧಾರಿಸ್ತು?” ಎಂದು ನಿನ್ನ ತಾತ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆಗೆಡಬೇಡ. ಹಿಡಿದ ಕೆಲಸ ನಿನ್ನ ಕೈಹಿಡಿಯಲಿ ಎಂದು ಮನಸಾರೆ ಹರಸುವ,

ನಿನ್ನ ಅಜ್ಜಿ
(ನಾಲ್ಕನೇ ಗುಂಪು)

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಯಾಕೋ ಗುಂಡಿ ಡಬ್ಬ ತೆರೆದೆ. ತೂತಿಲ್ಲದವು ಮತ್ತೆ ಮೂರು. ನನ್ನ ಮಾತಿಗೆ ಹೂಂ ಅನ್ನುತ್ತಾರೆ, ಡಾಕ್ಟರಮ್ಮನ ಮಾತಿಗೆ ತಲೆಯಾಡಿಸುತ್ತಾರೆ, ಕೇಳುವುದು ಮಾತ್ರ ನಿನ್ನೊಬ್ಬಳ ಮಾತು. ಕೂಡಲೇ ಅವರಿಗೇ ಒಂದು ಕಾಗದ ಬರೆ. ಅದು ಬರುವವರೆಗೆ ನಾನೇ ಎದುರು ನಿಂತು ನುಂಗಿಸಿ, ಬಾಯಿ ತೆರೆಸಿ ನೋಡುತ್ತೇನೆ. ಇಲಿಗಳೂ ಮಾತ್ರೆ ನುಂಗುತ್ತಿದ್ದವು ಎಂದು ಸುಳ್ಳು ಬರೆಯಬೇಡ. ನಿಜವನ್ನೇ ಬರೆ: ನಿನ್ನ ಇಲಿಗಳಿಗೆ ಬಿಪಿ ಇರಲಿಲ್ಲ, ದಾರಿ ಕಾಯುವ ಮೊಮ್ಮಗಳೂ ಇರಲಿಲ್ಲ. ಇದನ್ನು ಅಂಚೆ ಡಬ್ಬಕ್ಕೆ ಹಾಕುವವರೂ ಅವರೇ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅವರು ಮೂವತ್ತು ಹೆಜ್ಜೆ ಹೋಗಲಿ, ನಾನೂ ಹೊರಡುತ್ತೇನೆ.