ನೀರು ಗುಡ್ಡ ಹತ್ತಿದ ನಕ್ಷೆ

ತಿದ್ದದೆ ಇರಲಾರದ ನನ್ನ ಅಮ್ಮನಿಗೆ,

ಅಕ್ಷರಗಳು ನಿನ್ನ ಕಣ್ಣಿಗೆ ಇನ್ನೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಇದನ್ನು ನಿನ್ನ ಮಂಚದ ಪಕ್ಕ ಕೂತು ನಾನೇ ಓದುತ್ತೇನೆ. ಹುಟ್ಟಿದಾಗಿನಿಂದ ನಿನ್ನೆದುರು ಒಂದು ಮಾತನ್ನೂ ಪೂರ್ತಿ ಮುಗಿಸಿದವಳಲ್ಲ ನಾನು. ಲಕ್ವ ಹೊಡೆದು ನಿನ್ನ ಬಲಗೈ, ಮಾತು ಎರಡೂ ಹೋದ ಮೇಲೆ ಆ ಅವಕಾಶ ಸಿಕ್ಕಿದೆ. ನನಗದು ಒಂಚೂರೂ ಬೇಕಾಗಿಲ್ಲ.

ನಿನ್ನ ಭೂಗೋಳದ ತರಗತಿಯಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ನೀಲಿ ಉಲ್ಲನ್ ದಾರ ಹಾಸಿ ನೀನು ಇಡೀ ದೇಶದ ನದಿಗಳನ್ನು ಹರಿಸುತ್ತಿದ್ದೆ. ಪಶ್ಚಿಮದ ಹಿಮದಲ್ಲಿ ಹುಟ್ಟಿ, ಬಯಲನ್ನೆಲ್ಲ ಬಳಸಿ ಪೂರ್ವದ ಸಮುದ್ರ ಸೇರುವವಳು ದೊಡ್ಡಮ್ಮ. ಅದೇ ಹಿಮದಲ್ಲಿ ಹುಟ್ಟಿಯೂ ಗುಡ್ಡಸಾಲಿನ ಆಚೆಗಿಳಿದು, ಕಂದರಗಳಲ್ಲಿ ನುಗ್ಗಿ ದಕ್ಷಿಣಕ್ಕೆ ಹೋಗುವವಳು ಚಿಕ್ಕಮ್ಮ. ಅಕ್ಕತಂಗಿಯರ ನಡುವೆ ಅಡ್ಡ ನಿಂತಿರುವುದು ಆ ಒಂದೇ ಸಾಲು. ಉತ್ತರಕ್ಕೆ ಹೊರಟು, ಸಮುದ್ರ ಮುಟ್ಟದೆ ಮರಳಿನಲ್ಲಿ ಇಂಗಿಹೋಗುವವಳಿಗೆ ಮಕ್ಕಳು ಮುನಿಸಿನ ಅತ್ತೆ ಎಂದು ಹೆಸರಿಟ್ಟಿದ್ದರು.

"ಉಗಮದಿಂದ ಶುರು ಮಾಡ್ಬೇಡಿ, ಅಲ್ಲಿ ಪ್ರತಿ ಹಳ್ಳಾನೂ ನಾನೇ ನದಿ ಅನ್ನುತ್ತೆ. ಸಮುದ್ರದಿಂದ ಹಿಂದೆ ಹೋಗಿ, ಎರಡು ನೀರು ಕೂಡೋ ಕಡೆಯೆಲ್ಲ ನಿಂತು, ನೀನೆಲ್ಲಿಂದ ಬಂದೆ ಅಂತ ಕೇಳಿ" ಎನ್ನುತ್ತಿದ್ದೆ. ಮನೆಯಲ್ಲೂ ಭೂಗೋಳವೇ. ಅಪ್ಪ ಲಾಟರಿ ಟಿಕೆಟ್ ತಂದರೂ, ನಾನು ಓದದೆ ಪಾಸಾಗುವ ಕನಸು ಕಂಡರೂ ನಿನ್ನದು ಒಂದೇ ಮದ್ದು: "ನೀರು ಗುಡ್ಡ ಹತ್ತಲ್ಲ." ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ನಿನಗೆ ಬಾಚಣಿಗೆ, ಲೋಟ, ಬೆಕ್ಕಿನ ಚಿತ್ರ ತೋರಿಸುತ್ತಾಳೆ. ನೀನು ಮುಖ ತಿರುಗಿಸುತ್ತೀಯ. "ಅಮ್ಮ ಮನಸ್ಸೇ ಕೊಡ್ತಿಲ್ಲ ಅಕ್ಕಾ. ಹೀಗೇ ಬಿಟ್ರೆ ಮಾತು ಬರೋದು ಕಷ್ಟ" ಎಂದಳು. ಅವತ್ತು ಬಸ್ಸಿನಲ್ಲಿ ನನಗೆ ನಿಜಕ್ಕೂ ಭಯವಾಯಿತು. ನಿನ್ನ ಬೈಗುಳವಿಲ್ಲದ ಮನೆಗೆ ಹೋಗಿ ಏನು ಮಾಡುವುದು?

ಮಂಗಳವಾರ ನಮ್ಮ ನಕ್ಷೆ ಕಚೇರಿಯಿಂದ ಹೊಸ ಗೋಡೆ ನಕ್ಷೆಯ ಕರಡು ತಂದು ನಿನ್ನ ಹೊದಿಕೆಯ ಮೇಲೆ ಹರಡಿದೆ. ನದಿ ಬರೆದವಳು ನಾನು, ಹೊಗಳಿಸಿಕೊಳ್ಳುವ ಆಸೆಯೂ ಇತ್ತು ಅಂದುಕೋ. ನಿನ್ನ ಎಡಗೈ ಬೆರಳು ಸೀದಾ ಪೂರ್ವದ ಸಮುದ್ರಕ್ಕೆ ಹೋಯಿತು. ಅಲ್ಲಿಂದ ದೊಡ್ಡಮ್ಮನ ಗುಂಟ ಹಿಂದೆ ಹಿಂದೆ, ಬಯಲು ದಾಟಿ, ಒಂದು ಉಪನದಿ ಹಿಡಿದು ಮೇಲಕ್ಕೆ ಬಂದು ಗುಡ್ಡಸಾಲಿನ ಬಳಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು. ಆಮೇಲೆ ನೀನು ಕಾಗದ ಹರಿಯುವ ಹಾಗೆ ಅಲ್ಲೇ ಕುಟ್ಟತೊಡಗಿದೆ.

ನಮ್ಮ ಕಚೇರಿಯಲ್ಲಿ ನದಿಯ ನೀಲಿಗೆ ಒಂದು ಹಾಳೆ, ಗುಡ್ಡದ ಕಂದು ಬಣ್ಣಕ್ಕೆ ಇನ್ನೊಂದು ಹಾಳೆ. ನನ್ನೆದುರು ಇದ್ದದ್ದು ನೀಲಿ ಮಾತ್ರ. ಸಾಲಿನ ಈಚೆ ದೊಡ್ಡಮ್ಮನ ಹಳ್ಳ, ಆಚೆ ಚಿಕ್ಕಮ್ಮನ ಹಳ್ಳ, ಎರಡರ ತಲೆಗಳೂ ಹತ್ತಿರ ಹತ್ತಿರ. ನಡುವೆ ಗೆರೆ ಅಳಿಸಿಹೋಗಿದೆ ಎಂದುಕೊಂಡು ಜೋಡಿಸಿಬಿಟ್ಟಿದ್ದೆ. ಎರಡೂ ಹಾಳೆ ಸೇರಿ ಅಚ್ಚಾದಾಗ ನೀರು ಗುಡ್ಡದ ನೆತ್ತಿ ಹತ್ತಿ ಕೂತಿತ್ತು.

ನೀನು ನನ್ನನ್ನೇ ದುರುಗುಟ್ಟಿ ನೋಡಿದೆ. ತುಟಿ ಒಂದು ಕಡೆಗೆ ಎಳೆಯಿತು. "ಹ... ಹತ್... ಹತ್ತಲ್ಲ."

ನಾನು ಅತ್ತುಬಿಟ್ಟೆ ಅಮ್ಮ, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಮರುದಿನ ಕಚೇರಿಗೆ ಹೋಗಿ ತಪ್ಪು ತೋರಿಸಿದೆ; ದೊಡ್ಡ ಸಾಹೇಬರು "ಯಾರ್ರೀ ಈ ತಪ್ಪು ಹಿಡಿದಿದ್ದು?" ಎಂದು ಗುಡುಗಿದಾಗ ಮಾತ್ರ ಹಲ್ಲು ಕಿರಿದು "ನಮ್ಮಮ್ಮ ಸಾರ್" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಆಮೇಲೆ ನಿನ್ನ ಬಾಯಿಂದ ಇನ್ನೊಂದು ಮಾತು ಬಂದಿಲ್ಲ. ಎಷ್ಟು ಬರುತ್ತದೋ ಡಾಕ್ಟರಿಗೂ ಗೊತ್ತಿಲ್ಲ. ಪೂರ್ತಿ ಬರದಿದ್ದರೂ ಇರಲಿ. ಸಮುದ್ರ ಮುಟ್ಟಲಿಲ್ಲವೆಂದು ಮುನಿಸಿನ ಅತ್ತೆಯನ್ನು ಮಕ್ಕಳು ಆಡಿಕೊಂಡಾಗ "ದಾರಿಯುದ್ದಕ್ಕೂ ಊರಿಗೆಲ್ಲ ನೀರು ಕುಡಿಸಿಲ್ವೇನ್ರೋ ಅವಳು?" ಎಂದು ನೀನೇ ಗದರುತ್ತಿದ್ದೆ. ನೀನು ಎಲ್ಲಿವರೆಗೆ ಬರುತ್ತೀಯೋ, ನಾನು ಅಲ್ಲಿಗೇ ಬಂದು ಕೂರುತ್ತೇನೆ.

ಈ ಪತ್ರದಲ್ಲೂ ತಪ್ಪುಗಳಿವೆ, ನನಗೆ ಗೊತ್ತು. ಓದಿ ಮುಗಿಸಿ ಕಾಯುತ್ತೇನೆ. ಒಂದನ್ನಾದರೂ ಹಿಡಿ, ಅಮ್ಮ.

ನಿನ್ನ ನಾಲಿಗೆಗೆ ಮಾತು ನೀರಿನ ಹಾಗೆ ನಿಧಾನವಾಗಿ ಹರಿದು ಬರಲಿ.

ಇಂತಿ,
ಗುಡ್ಡಕ್ಕೆ ನೀರು ಹತ್ತಿಸಿದ ನಿನ್ನ ಮಗಳು